ಅಕ್ಕಿ ಇಲ್ಲದ ಬಾತ್

(ಪೀಣ್ಯದ ಕಾರ್ಮಿಕರ ಕನ್ನಡ ಸಂಘವೊಂದರ ರಾಜ್ಯೋತ್ಸವ ಸಮಾರಂಭದಲ್ಲಿ ನಮ್ಮ ವರದಿಗಾರ್ತಿ ಆಡಿದ ಮಾತುಗಳ ಬರಹ ರೂಪ)



ರಾಜ್ಯೋತ್ಸವದ ವೇದಿಕೆಗೆ ಸಾಹಿತಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ಈ ಸಲ ನೀವು ಒಬ್ಬ ವರದಿಗಾರ್ತಿಯನ್ನು ಕರೆದಿದ್ದೀರಿ. ನಾನು ಭಾಷಾವಿಜ್ಞಾನ ಓದಿದವಳಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವಳು. ಆದ್ದರಿಂದ ಕನ್ನಡದ ಇಡೀ ಚರಿತ್ರೆಯನ್ನು ಹೇಳುವ ಸಾಹಸಕ್ಕೆ ಹೋಗುವುದಿಲ್ಲ. ಒಂದೇ ಒಂದು ಪದದ ಬಗ್ಗೆ ಮಾತಾಡಿ ಇಳಿಯುತ್ತೇನೆ. ನೀವೆಲ್ಲ ದಿನವೂ ಬೆಳಗ್ಗೆ ಹೋಟೆಲಿನ ಕೌಂಟರಿನ ಮುಂದೆ ನಿಂತು ಹೇಳುವ ಪದ ಅದು: ಬಾತ್. ಖಾರಾಬಾತ್, ಕೇಸರಿಬಾತ್, ವಾಂಗಿಬಾತ್, ಬಿಸಿಬೇಳೆಬಾತ್. ಖಾರವೂ ಬೇಕು, ಸಿಹಿಯೂ ಬೇಕು ಎನ್ನುವವರಿಗೆ ಚೌಚೌಬಾತ್.

ಈ ಪದದ ಬೆನ್ನು ಹತ್ತಲು ಕಾರಣವಾದದ್ದು ಒಂದು ಸಣ್ಣ ಪ್ರಸಂಗ. ರಾತ್ರಿ ಪಾಳಿಯವರು ಬೆಳಗಿನ ತಿಂಡಿಗೆ ಎಲ್ಲಿಗೆ ಹೋಗುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬ ವರದಿಗಾಗಿ ಇದೇ ಪೀಣ್ಯದ ಒಂದು ದರ್ಶಿನಿಯ ಮುಂದೆ ನಿಂತಿದ್ದೆ. ಒಡಿಶಾದಿಂದ ಬಂದು ಇನ್ನೂ ವಾರವೂ ತುಂಬದ ಒಬ್ಬ ಹುಡುಗ ಜತೆಗಾರನೊಂದಿಗೆ ಬಂದ. ಜತೆಗಾರನಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ಅವನು ಗೋಡೆಯ ಮೇಲಿನ ಪಟ್ಟಿಯನ್ನು ಒಂದೊಂದಾಗಿ ಓದಿದ. ಇಡ್ಲಿ, ವಡೆ, ದೋಸೆ ಎಂದಾಗ ಸುಮ್ಮನಿದ್ದ ಹುಡುಗ ಖಾರಾಬಾತ್ ಎಂದ ಕೂಡಲೇ ಮುಖ ಅರಳಿಸಿ, ಅದೇ ಸಾಕು ಎಂದ. ಟೋಕನ್ ಕೊಟ್ಟು ತಟ್ಟೆ ತೆಗೆದುಕೊಂಡ. ತಟ್ಟೆಯಲ್ಲಿ ಇದ್ದದ್ದು ಹಳದಿ ಬಣ್ಣದ ರವೆ. ಹುಡುಗ ತಟ್ಟೆಯನ್ನು ನೋಡಿದ, ಬಡಿಸಿದವನ ಮುಖವನ್ನು ನೋಡಿದ. ತನ್ನ ಭಾಷೆಯಲ್ಲಿ ಏನೋ ಹೇಳಿದ. 'ಇದು ಭಾತ ಅಲ್ಲ ಅನ್ತಿದಾನೆ' ಎಂದು ಜತೆಗಾರ ತಿಳಿಸಿದ. ಬಡಿಸುವ ಹುಡುಗ ಕುಂದಾಪುರದ ಕಡೆಯವನು. 'ಇದೇ ಬಾತ್ ಮಾರಾಯ, ಬೋರ್ಡ್ ನೋಡು' ಎಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಒಡಿಶಾದ ಹುಡುಗ ಮಾತಾಡದೆ ತಿಂದು ಹೋದ.

ಕಚೇರಿಗೆ ಬಂದು ನಿಘಂಟುಗಳನ್ನು ತೆರೆದು ನೋಡಿದ ಮೇಲೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಯಾಕೆಂದರೆ ಹುಡುಗ ಹೇಳಿದ್ದು ಸರಿ. ಒಡಿಯಾದಲ್ಲಿ ಭಾತ ಎಂದರೆ ಅನ್ನ. ಬಂಗಾಳಿಯಲ್ಲಿ ಭಾತ್, ಅಸ್ಸಾಮಿಯಲ್ಲಿ ಭಾತ್, ಬಿಹಾರದ ಭೋಜಪುರಿ ಮತ್ತು ಮೈಥಿಲಿಯಲ್ಲಿ ಭಾತ್, ಮರಾಠಿ ಮತ್ತು ಗುಜರಾತಿಯಲ್ಲಿ ಭಾತ್. ಐಟಿ ಪಾರ್ಕುಗಳ ಗೇಟಿನಲ್ಲಿ ನಿಲ್ಲುವ ನೇಪಾಳದ ಕಾವಲುಗಾರರ ದಿನನಿತ್ಯದ ಊಟದ ಹೆಸರೇ ದಾಲ್-ಭಾತ್. ಇಷ್ಟು ಜನಕ್ಕೆ ಬೇಯಿಸಿದ ಅಕ್ಕಿಯೇ ಭಾತ್. ಅಕ್ಕಿಯ ಒಂದು ಕಾಳೂ ಇಲ್ಲದ ಪದಾರ್ಥಕ್ಕೆ ಬಾತ್ ಎನ್ನುತ್ತಿರುವವರು ನಾವು, ಅದರಲ್ಲೂ ಹೆಚ್ಚಾಗಿ ಬೆಂಗಳೂರು, ಮೈಸೂರು ಸೀಮೆಯವರು. ಹಾಗಾದರೆ ನಾವು ತಪ್ಪೆ? ಅದೂ ಅಲ್ಲ. ಅದು ಹೇಗೆಂಬುದನ್ನು ಈಗ ನೋಡೋಣ.

ಮೊದಲು ಪದದ ಬೇರು. ಸಂಸ್ಕೃತದಲ್ಲಿ ಭಜ್ ಎಂಬ ಧಾತು ಇದೆ. ಅದರ ಮೂಲ ಅರ್ಥಗಳಲ್ಲಿ ಮುಖ್ಯವಾದದ್ದು ಹಂಚುವುದು, ಪಾಲು ಮಾಡುವುದು, ಪಾಲು ಪಡೆಯುವುದು. ಅದರಿಂದ ಬಂದ ರೂಪ ಭಕ್ತ. ಅಂದರೆ ಹಂಚಲ್ಪಟ್ಟದ್ದು, ಒಬ್ಬನ ಪಾಲಿಗೆ ಬಂದದ್ದು. ಭಕ್ತ ಎಂದ ಕೂಡಲೇ ನಮಗೆ ದೇವಸ್ಥಾನದ ಸಾಲು ನೆನಪಾಗುತ್ತದೆ. ಆದರೆ ಹಳೆಯ ಅರ್ಥವೂ ಕನ್ನಡದಲ್ಲಿ ಇನ್ನೂ ಬದುಕಿದೆ. ಪಾಲಾಗದ ಮನೆಯನ್ನು ನಾವು ಅವಿಭಕ್ತ ಕುಟುಂಬ ಎನ್ನುತ್ತೇವಲ್ಲ, ಅಲ್ಲಿರುವುದು ಇದೇ ಭಕ್ತ. ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ, ಆಸ್ತಿಯ ಭಾಗ, ಹಣೆಯ ಭಾಗ್ಯ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. 2013ರಲ್ಲಿ ರಾಜ್ಯ ಸರ್ಕಾರ ಪಡಿತರದ ಅಕ್ಕಿಯ ಯೋಜನೆಗೆ ಅನ್ನಭಾಗ್ಯ ಎಂದು ಹೆಸರಿಟ್ಟಾಗ, ಅನ್ನದ ಪಕ್ಕದಲ್ಲಿ ಕುಳಿತದ್ದೂ ಅದೇ ಧಾತು.

ಊಟ ಎಂದರೆ ಪ್ರತಿಯೊಬ್ಬನಿಗೂ ಹಂಚಿದ ಪಾಲು. ಹೀಗಾಗಿ ಭಕ್ತ ಪದಕ್ಕೆ ಆಹಾರ ಎಂಬ ಅರ್ಥ ಬಂತು, ಆಮೇಲೆ ಬೇಯಿಸಿದ ಅಕ್ಕಿ ಎಂಬ ಅರ್ಥ ನಿಂತಿತು. ಇದರ ಪಕ್ಕದಲ್ಲಿ ಅನ್ನ ಎಂಬ ಪದವನ್ನು ಇಟ್ಟು ನೋಡಿ. ಅನ್ನ ಬಂದದ್ದು ಅದ್ ಎಂಬ ಧಾತುವಿನಿಂದ. ಅದ್ ಎಂದರೆ ತಿನ್ನು. ಅನ್ನ ಎಂದರೆ ತಿಂದದ್ದು, ಭಕ್ತ ಎಂದರೆ ಹಂಚಿದ್ದು. ಒಂದೇ ತಟ್ಟೆಯ ಅಕ್ಕಿಗೆ ಎರಡು ಹೆಸರು. ಒಂದು ಉಣ್ಣುವವನ ಕಡೆಯಿಂದ, ಇನ್ನೊಂದು ಬಡಿಸುವವನ ಕಡೆಯಿಂದ. ಭಜ್ ಧಾತುವಿನ ದೂರದ ನೆಂಟರು ಗ್ರೀಕ್ ಭಾಷೆಯಲ್ಲೂ ಇದ್ದಾರೆ. ಅಲ್ಲಿ ಫಾಗೈನ್ ಎಂದರೆ ತಿನ್ನುವುದು. ಅನ್ನನಾಳಕ್ಕೆ ಡಾಕ್ಟರು ಈಸೋಫೇಗಸ್ ಎನ್ನುತ್ತಾರಲ್ಲ, ಅದರ ಕೊನೆಯಲ್ಲಿರುವುದು ಆ ಗ್ರೀಕ್ ಪದ.

ಹಂಚುವುದು ಎಂದ ಮೇಲೆ ಯಾರು ಹಂಚಬೇಕು, ಹೇಗೆ ಹಂಚಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಪಾಳಿ ಭಾಷೆಯಲ್ಲಿ ಭಕ್ತ ಎಂಬುದು ಭತ್ತ ಎಂದಾಗಿದೆ, ಅರ್ಥ ಊಟ. ಬೌದ್ಧ ಭಿಕ್ಷುಗಳ ನಿಯಮಗಳಿರುವ ವಿನಯಪಿಟಕದಲ್ಲಿ ಭತ್ತುದ್ದೇಸಕ ಎಂಬ ಹುದ್ದೆ ಇದೆ. ಸಂಘಕ್ಕೆ ಬಂದ ಊಟದ ಆಹ್ವಾನಗಳನ್ನು ಭಿಕ್ಷುಗಳಿಗೆ ಹಂಚಿಕೊಡುವವನು ಅವನು. ಅವನಿಗೆ ಪಕ್ಷಪಾತ ಇರಬಾರದು, ದ್ವೇಷ ಇರಬಾರದು, ಮಂಕು ಇರಬಾರದು, ಭಯ ಇರಬಾರದು, ಯಾರಿಗೆ ಕೊಟ್ಟಾಗಿದೆ ಯಾರಿಗೆ ಕೊಟ್ಟಿಲ್ಲ ಎಂಬುದು ಗೊತ್ತಿರಬೇಕು ಎಂದು ಐದು ಅರ್ಹತೆಗಳನ್ನು ಹೇಳಿದ್ದಾರೆ. ನಮ್ಮ ಕ್ಯಾಂಟೀನು ಕಮಿಟಿಯ ಚುನಾವಣೆಗೆ ಈ ಐದನ್ನೂ ಕೇಳಿದರೆ ನಾಮಪತ್ರ ಎಷ್ಟು ಬಂದೀತೋ ಗೊತ್ತಿಲ್ಲ. (ನಗು)

ಈಗ ಪದ ನಡೆದು ಬಂದ ದಾರಿ. ಸಂಸ್ಕೃತದ ಒತ್ತಕ್ಷರಗಳು ಪ್ರಾಕೃತದಲ್ಲಿ ಸಜಾತಿ ಒತ್ತುಗಳಾಗುತ್ತವೆ. ಆಮೇಲಿನ ಭಾಷೆಗಳಲ್ಲಿ ಆ ಒತ್ತು ಬಿದ್ದುಹೋಗಿ ಹಿಂದಿನ ಸ್ವರ ಉದ್ದವಾಗುತ್ತದೆ. ಸಪ್ತ ಎಂಬುದು ಸತ್ತ ಆಗಿ, ಹಿಂದಿ ಮರಾಠಿಗಳಲ್ಲಿ ಸಾತ್ ಆಯಿತು. ಹಸ್ತ ಎಂಬುದು ಹತ್ಥ ಆಗಿ, ಹಿಂದಿಯಲ್ಲಿ ಹಾಥ್ ಆಯಿತು. ಅದೇ ಹಾದಿಯಲ್ಲಿ ಭಕ್ತ ಎಂಬುದು ಭತ್ತ ಆಗಿ, ಭಾತ್ ಆಯಿತು.

ಕನ್ನಡದ ವಿಶೇಷ ಇಲ್ಲಿದೆ. ಈ ಮೂರು ಮೆಟ್ಟಿಲುಗಳ ಮೂರು ರೂಪಗಳೂ ನಮ್ಮಲ್ಲಿ ಇವತ್ತಿಗೂ ಬಳಕೆಯಲ್ಲಿವೆ. ಗುಡಿಯಲ್ಲಿರುವವನು ಭಕ್ತ, ಗದ್ದೆಯಲ್ಲಿರುವುದು ಭತ್ತ, ಹೋಟೆಲಿನಲ್ಲಿ ಸಿಗುವುದು ಬಾತ್. ಭತ್ತಕ್ಕೆ ನಮ್ಮ ದ್ರಾವಿಡ ಪದ ನೆಲ್ಲು. ಅದು ಹಳಗನ್ನಡದಲ್ಲಿದೆ, ತಮಿಳಿನಲ್ಲಿ ಇಂದಿಗೂ ನೆಲ್ ಎಂದೇ ಇದೆ. ನಮ್ಮ ರೈತರು ಮಾತ್ರ ಭತ್ತ ಎಂಬ ತದ್ಭವವನ್ನು ಹೊಲಕ್ಕೆ ಒಯ್ದು ನೆಟ್ಟರು. ಬೇರೆಯವರಿಗೆ ಒಲೆಯ ಮೇಲಿರುವುದು ನಮಗೆ ಗದ್ದೆಯಲ್ಲಿದೆ. ಕೊಂಕಣಿಯಲ್ಲೂ ಹೀಗೆಯೇ, ಅವರಿಗೆ ಭಾತ ಎಂದರೆ ಭತ್ತ, ಅನ್ನಕ್ಕೆ ಅವರದು ಶೀತ ಎಂಬ ಪದ.

ಭತ್ತ ಹಳೆಯ ಕಾಲದಲ್ಲೇ ಕನ್ನಡಕ್ಕೆ ಬಂದದ್ದು. ಬಾತ್ ಅಷ್ಟು ಹಳೆಯದಲ್ಲ, ಅದು ಮರಾಠಿಯ ಕಡೆಯಿಂದ ಬಂದದ್ದು. ವಾಂಗಿಬಾತ್ ಎಂಬ ಹೆಸರೇ ಇದಕ್ಕೆ ಸಾಕ್ಷಿ. ಮರಾಠಿಯಲ್ಲಿ ವಾಂಗಿ ಎಂದರೆ ಬದನೆಕಾಯಿ, ಭಾತ್ ಎಂದರೆ ಅನ್ನ. ಎರಡೂ ತುಂಡುಗಳು ಮರಾಠಿಯವು. ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅದು ಬದನೆಕಾಯಿ ಅನ್ನ ಎಂದಾಗಬೇಕಿತ್ತು. ಬಿಸಿಬೇಳೆಬಾತಿನಲ್ಲಿ ಬಿಸಿಯೂ ಬೇಳೆಯೂ ನಮ್ಮವು, ಬಾತ್ ಮಾತ್ರ ಹೊರಗಿನದು. ಮೈಸೂರು ಕಡೆಯ ಹಿರಿಯರು ಅದನ್ನು ಈಗಲೂ ಬಿಸಿಬೇಳೆ ಹುಳಿಯನ್ನ ಎನ್ನುವುದುಂಟು. ಪುಳಿಯೋಗರೆಯಲ್ಲಿ ಹುಳಿಯ ಹಳೆಯ ರೂಪ ಪುಳಿಯೂ, ಅನ್ನಕ್ಕಿದ್ದ ಹಳೆಯ ಹೆಸರು ಓಗರವೂ ಸೇರಿವೆ.

ಮರಾಠಿ ಪದ ಬೆಂಗಳೂರಿಗೆ ಬರಲು ದಾರಿಗಳು ಬೇಕಾದಷ್ಟು ಇದ್ದವು. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಗೆದ್ದ ಮೇಲೆ ಊರು ಶಿವಾಜಿಯ ತಂದೆ ಷಹಾಜಿ ಭೋಸಲೆಯ ಜಹಗೀರಾಯಿತು. 1687ರಲ್ಲಿ ಮೊಗಲರ ಕೈ ಸೇರುವವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ಅದು ಭೋಸಲೆ ಮನೆತನದ ಆಡಳಿತದಲ್ಲಿತ್ತು. ಅದಾದ ಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶಕ್ಕೆ ಬಂತು. ಮುಂದೆ ಮೈಸೂರು ಸಂಸ್ಥಾನದ ಲೆಕ್ಕಪತ್ರಗಳಲ್ಲಿಯೂ ಮರಾಠಿ ಬಹುಕಾಲ ಬಳಕೆಯಲ್ಲಿತ್ತು. ಸೈನಿಕರು, ಗುಮಾಸ್ತರು, ಅಡುಗೆಯವರು ಬಂದರು. ಅವರೊಡನೆ ಪಾತ್ರೆಗಳೂ ಪದಗಳೂ ಬಂದಿರಲೇಬೇಕು. ನಮ್ಮ ನಾಲಿಗೆಗೆ ಮಹಾಪ್ರಾಣ ಭಾರ. ಆದ್ದರಿಂದ ಭಾತ್ ಎಂಬುದು ಬಾತ್ ಆಯಿತು. ಈಗಲೂ ಕೆಲವು ಹೋಟೆಲುಗಳ ಬೋರ್ಡಿನಲ್ಲಿ ಭಾತ್ ಎಂದೂ ಕೆಲವು ಕಡೆ ಬಾತ್ ಎಂದೂ ಬರೆದಿರುವುದನ್ನು ನೀವು ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ಬರೆದಾಗಲಂತೂ ಅದು ಸ್ನಾನ ಎಂಬ ಅರ್ಥದ ಪದವಾಗಿಬಿಡುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹೊಸದಾಗಿ ಬಂದ ಉತ್ತರದ ಇಂಜಿನಿಯರುಗಳು ಕ್ಯಾಂಟೀನಿನ ಪಟ್ಟಿ ನೋಡಿ 'ಖಾರದ ಸ್ನಾನ' ಎಂದರೇನೆಂದು ಕೇಳುವುದು ಅಲ್ಲಿ ಹಳೆಯ ತಮಾಷೆ.

ಇನ್ನು ಅಕ್ಕಿ ಎಲ್ಲಿ ಹೋಯಿತು ಎಂಬ ಪ್ರಶ್ನೆ. ಮಹಾರಾಷ್ಟ್ರದಲ್ಲಿ ಕೇಶರಿ ಭಾತ್ ಎಂಬ ಸಿಹಿ ಇದೆ. ಅದನ್ನು ಅಕ್ಕಿ, ಸಕ್ಕರೆ, ತುಪ್ಪ, ಕೇಸರಿ ಎಸಳು ಹಾಕಿಯೇ ಮಾಡುತ್ತಾರೆ. ನಮ್ಮ ದರ್ಶಿನಿಯ ಕೇಸರಿಬಾತಿನಲ್ಲಿ ಅಕ್ಕಿಯ ಬದಲು ರವೆ ಇದೆ, ಎಸಳಿನ ಬದಲು ಹೆಚ್ಚಾಗಿ ಬಣ್ಣದ ಪುಡಿ ಇದೆ. ಕೇಸರಿಯೂ ಇಲ್ಲ, ಬಾತೂ ಇಲ್ಲ. ಆದರೂ ಅದು ಕೇಸರಿಬಾತ್. ಖಾರಾಬಾತಿಗೆ ರಾಜ್ಯದ ಉಳಿದ ಕಡೆಗಳಲ್ಲಿ ಬೇರೆ ಹೆಸರುಗಳಿವೆ. ಉಪ್ಪು ಮತ್ತು ಹಿಟ್ಟು ಸೇರಿ ಉಪ್ಪಿಟ್ಟು. ದಕ್ಷಿಣ ಕನ್ನಡ, ಉಡುಪಿ ಕಡೆ ಸಜ್ಜಿಗೆ. ಅಲ್ಲಿ ಸಿಹಿಗೆ ಶೀರಾ ಎನ್ನುತ್ತಾರೆ. ಬೆಂಗಳೂರು ಮಾತ್ರ ಎರಡಕ್ಕೂ ಬಾತ್ ಎಂದಿತು.

ಇದು ತಪ್ಪು ಬಳಕೆ ಎಂದು ಹೇಳುವಂತಿಲ್ಲ. ಪದಗಳು ನಡೆಯುವ ರೀತಿಯೇ ಹೀಗೆ. ಎಣ್ಣೆ ಎಂಬ ಪದ ನೋಡಿ. ಎಳ್ ಎಂದರೆ ಎಳ್ಳು, ನೆಯ್ ಎಂದರೆ ತುಪ್ಪ, ಜಿಡ್ಡು. ಎರಡೂ ಸೇರಿ ಎಣ್ಣೆ. ಅಂದರೆ ಮೂಲದಲ್ಲಿ ಎಳ್ಳಿನಿಂದ ತೆಗೆದದ್ದು ಮಾತ್ರ ಎಣ್ಣೆ. ಇಂದು ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಎನ್ನುತ್ತೇವೆ. ಸೀಮೆಎಣ್ಣೆ ಎಂದೂ ಎನ್ನುತ್ತೇವೆ. ಎಳ್ಳು ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಇಡ್ಲಿಯ ಕಥೆಯೂ ಅಷ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆ ಹಾಕಿ ಇಡ್ಲಿ ಮಾಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಮಾವಳ್ಳಿಯ ಎಂಟಿಆರ್‌ನವರು ಹೇಳುತ್ತಾರೆ. ಧಾನ್ಯ ಬದಲಾಯಿತು, ಹೆಸರು ಉಳಿಯಿತು. ಬಾತ್ ಕೂಡ ಕನ್ನಡದಲ್ಲಿ ಒಂದು ಧಾನ್ಯದ ಹೆಸರಾಗಿ ಉಳಿಯದೆ, ಒಗ್ಗರಣೆ ಕೊಟ್ಟು, ಮೆತ್ತಗೆ ಬೇಯಿಸಿ, ಎಲ್ಲ ಕಲಸಿ ಒಂದೇ ಪಾತ್ರೆಯಲ್ಲಿ ಮಾಡುವ ತಿಂಡಿಯ ಹೆಸರಾಯಿತು. ಆದ್ದರಿಂದಲೇ ನಮಗೆ ಶಾವಿಗೆಬಾತ್, ಅವಲಕ್ಕಿಬಾತ್ ಎಂದರೂ ವಿಚಿತ್ರ ಎನಿಸುವುದಿಲ್ಲ.

ಚೌಚೌಬಾತಿನ ಚೌಚೌ ಇನ್ನೂ ದೂರದ್ದಿರಬೇಕು. ಚೀನಾದ ಬಂದರುಗಳಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಆಡುತ್ತಿದ್ದ ಬೆರಕೆ ಭಾಷೆಯಲ್ಲಿ ಚೌಚೌ ಎಂದರೆ ಆಹಾರ, ಹಲವು ಬಗೆ ಸೇರಿಸಿದ ಮಿಶ್ರಣ ಎಂದು ಅರ್ಥವಿತ್ತು. ಅದು ಇಂಡಿಯಾದ ಇಂಗ್ಲಿಷರ ಮಾತಿಗೂ ಬಂದಿತ್ತು. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ವೈಟ್‌ಫೀಲ್ಡ್ ಹುಟ್ಟಿತು. ದಂಡು ಪ್ರದೇಶ ಅದಕ್ಕೂ ಮೊದಲೇ ಇತ್ತು. ಇಂತಹ ಊರಿನಲ್ಲಿ ಆ ಪದ ಹೋಟೆಲಿನ ಅಡುಗೆಮನೆಗೆ ಇಳಿದಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದಲ್ಲಿ ಚೀನಾದ ಬಂದರಿನ ಚೌಚೌ, ಮರಾಠಿಯ ಭಾತ್ ಎರಡೂ ಸೇರಿ ಅಪ್ಪಟ ಬೆಂಗಳೂರಿನ ತಿಂಡಿಯೊಂದಕ್ಕೆ ಹೆಸರಾದವು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಯೋಜನೆಯಂತೆ ಕೆಫೆ ದರ್ಶಿನಿ ಆರಂಭವಾದ ಮೇಲೆ ನಿಂತು ತಿನ್ನುವ, ಟೋಕನ್ ತೆಗೆದುಕೊಳ್ಳುವ ದರ್ಶಿನಿಗಳು ಊರ ತುಂಬ ಹಬ್ಬಿದವು. ಅವುಗಳ ಜತೆ ಬಾತ್ ಎಂಬ ಪದ ಪೀಣ್ಯಕ್ಕೂ ಎಲೆಕ್ಟ್ರಾನಿಕ್ ಸಿಟಿಗೂ ಮುಟ್ಟಿತು.

ಇಲ್ಲಿಯವರೆಗೆ ಹೇಳಿದ್ದು ತಟ್ಟೆಯ ಕಥೆ. ಕಾರ್ಮಿಕ ಸಂಘದ ವೇದಿಕೆಯಲ್ಲಿ ಈ ಪದವನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ ಇದೆ. ಈ ಪದ ನಿಮ್ಮ ಸಂಬಳದ ಚೀಟಿಯಲ್ಲೂ ಇದೆ.

ಹಿಂದಿನ ಕಾಲದಲ್ಲಿ ಕೂಲಿ ಎಂದರೆ ಬಹುಮಟ್ಟಿಗೆ ಊಟವೇ. ಒಬ್ಬನಿಗೆ ತಪ್ಪದೆ ದಿನವೂ ಊಟ ಕೊಡುವ ಗೊತ್ತುಪಾಡು ಇದ್ದರೆ ಅಂಥವನನ್ನು ಭಾಕ್ತ ಅಥವಾ ಭಾಕ್ತಿಕ ಎನ್ನಬೇಕೆಂದು ಪಾಣಿನಿ ತನ್ನ ವ್ಯಾಕರಣದ ನಾಲ್ಕನೆಯ ಅಧ್ಯಾಯದಲ್ಲಿ ಸೂತ್ರವನ್ನೇ ಬರೆದಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭಕ್ತವೇತನ ಎಂಬ ಜೋಡಿ ಪದ ಮತ್ತೆ ಮತ್ತೆ ಬರುತ್ತದೆ. ಭಕ್ತ ಎಂದರೆ ಊಟ, ವೇತನ ಎಂದರೆ ಸಂಬಳ. ಸರ್ಕಾರಿ ಹೊಲದಲ್ಲಿ ದುಡಿಯುವವರಿಗೆ, ತೋಟ ಕಾಯುವವರಿಗೆ, ದನ ಕಾಯುವವರಿಗೆ ಅವರವರ ಮನೆಮಂದಿಯ ಲೆಕ್ಕಕ್ಕೆ ತಕ್ಕಂತೆ ಭಕ್ತ ಕೊಡಬೇಕು, ಅದರ ಮೇಲೆ ತಿಂಗಳಿಗೆ 1¼ ಪಣ ಕೊಡಬೇಕು ಎಂದು ಅಲ್ಲಿದೆ. ಮನೆಯಲ್ಲಿ ಉಣ್ಣುವ ಬಾಯಿಗಳು ಎಷ್ಟು ಎಂದು ಎಣಿಸಿ ಕೊಡಬೇಕೆಂಬ ಆ ಮಾತನ್ನು ಗಮನಿಸಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೂಳು, ಕೂಲಿ ಎರಡೂ ಕೇಳಲು ಹತ್ತಿರ; ಕೂಳಿಗಾಗಿ ಮಾಡುವುದೇ ಕೂಲಿ ಎಂದು ಕೆಲವರು ಹೇಳುತ್ತಾರೆ. ಆದರೆ ದ್ರಾವಿಡ ನಿರುಕ್ತಕೋಶ ಇವೆರಡನ್ನೂ ಬೇರೆ ಬೇರೆ ಬೇರುಗಳಲ್ಲಿ ಇಟ್ಟಿದೆ. ಧ್ವನಿ ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಹೂಡಬಾರದು. ಭಕ್ತದ ವಿಷಯದಲ್ಲಿ ಮಾತ್ರ ಊಟಕ್ಕೂ ಕೂಲಿಗೂ ಇರುವ ನಂಟಿಗೆ ಹಳೆಯ ಗ್ರಂಥಗಳ ಆಧಾರವೇ ಇದೆ.

ಮುಂದಿನ ಹೆಜ್ಜೆಯಲ್ಲಿ ನಮ್ಮ ಕನ್ನಡದ ಪಾತ್ರ ದೊಡ್ಡದು. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಕೋಶದಲ್ಲಿ ಬಟ್ಟಾ ಎಂಬ ಪದ ಇದೆ. ಸೈನಿಕರಿಗೆ, ನೌಕರರಿಗೆ ಸಂಬಳದ ಮೇಲೆ ಕೊಡುವ ಹೆಚ್ಚುವರಿ ಹಣ ಅದು. ಆ ಪದದ ಮೂಲ ಕನ್ನಡದ ಭತ್ತವೇ ಇರಬೇಕು. ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರು ಅದನ್ನು ಎತ್ತಿಕೊಂಡರು, ಅವರಿಂದ ಅದು ಇಂಗ್ಲಿಷರಿಗೆ ಬಂತು ಎಂದು ಅವರು ವಿವರಿಸಿದ್ದಾರೆ. ಕೊಡುತ್ತಿದ್ದದ್ದು ಭತ್ತ, ಆಮೇಲೆ ಭತ್ತದ ಬದಲಿಗೆ ಹಣ, ಕೊನೆಗೆ ಹಣಕ್ಕೇ ಅದೇ ಹೆಸರು. ಹೊರಗೂರಿಗೆ ಗಾಡಿ ಓಡಿಸುವ ನಮ್ಮ ಲಾರಿ ಮತ್ತು ಟ್ಯಾಕ್ಸಿ ಚಾಲಕರು ಬಾಡಿಗೆಯ ಮೇಲೆ ದಿನಕ್ಕಿಷ್ಟು ಬಾಟಾ ಎಂದು ಕೇಳುತ್ತಾರಲ್ಲ, ಕೆಲವರು ಬೇಟಾ ಎಂದೂ ಹೇಳುತ್ತಾರೆ, ಅದು ಇದೇ ಪದ. ಚಪ್ಪಲಿಯ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ. ಹಿಂದಿಯ ಭತ್ತಾ, ನಮ್ಮ ಸಂಬಳದ ಚೀಟಿಯ ಭತ್ಯೆ ಇದೇ ಗುಂಪಿಗೆ ಸೇರಿದವು.

ಈ ಭತ್ತೆಗಾಗಿ ಸೈನ್ಯಗಳೇ ತಿರುಗಿಬಿದ್ದಿವೆ. 1766ರಲ್ಲಿ ಬಂಗಾಳದ ಸೇನೆಯ ಇಂಗ್ಲಿಷ್ ಅಧಿಕಾರಿಗಳ ಇಮ್ಮಡಿ ಬಟ್ಟಾವನ್ನು ಕ್ಲೈವ್ ನಿಲ್ಲಿಸಿದಾಗ ಅವರು ಒಟ್ಟಾಗಿ ರಾಜೀನಾಮೆ ಕೊಡಲು ಕೂಟ ಕಟ್ಟಿದರು. 1844ರಲ್ಲಿ ಹೆಚ್ಚುವರಿ ಬಟ್ಟಾ ಇಲ್ಲದೆ ಸಿಂಧ್ ಪ್ರಾಂತ್ಯಕ್ಕೆ ನಡೆಯುವುದಿಲ್ಲವೆಂದು ಭಾರತೀಯ ಸಿಪಾಯಿಗಳ ಪಡೆಗಳು ಹಟ ಹಿಡಿದವು.

ನಮ್ಮ ಊರಿನ ಉದಾಹರಣೆ ಇನ್ನೂ ಹತ್ತಿರದ್ದು. ತುಟ್ಟಿಭತ್ಯೆಯನ್ನು ನಿರ್ಧರಿಸುವುದು ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. ಕೈಗಾರಿಕಾ ಕಾರ್ಮಿಕರಿಗೆಂದು ತಯಾರಿಸುವ ಆ ಸೂಚ್ಯಂಕದಲ್ಲಿ ಅತಿ ದೊಡ್ಡ ಪಾಲು ಆಹಾರದ್ದು. 2001ನ್ನು ಮೂಲವರ್ಷವಾಗಿಟ್ಟ ಸರಣಿಯಲ್ಲಿ ಅದು ನೂರಕ್ಕೆ 46.2 ಇತ್ತು, 2016ರ ಸರಣಿಯಲ್ಲಿ 39.17 ಆಯಿತು. ಅಂದರೆ ಅಕ್ಕಿ, ಬೇಳೆ, ತರಕಾರಿಯ ಬೆಲೆ ಏರಿದಂತೆ ಭತ್ಯೆ ಏರಬೇಕು. ಪದದ ಹುಟ್ಟಿನ ಅರ್ಥವೂ ಅದೇ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸೇರಬೇಕಾಗಿದ್ದ ತುಟ್ಟಿಭತ್ಯೆಯ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಕೊರೊನಾ ಕಾರಣ ಹೇಳಿ ಅದನ್ನು ಮುಂದಕ್ಕೆ ಹಾಕಲಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ಬಹಳಷ್ಟು ಕಾರ್ಖಾನೆಗಳಲ್ಲಿ ಬಾಕಿ ಹಣ ಕೈಗೆ ಬಂದದ್ದು 2022ರಲ್ಲಿ. ಇಲ್ಲಿ ಕುಳಿತಿರುವ ಅಕ್ಕಂದಿರಲ್ಲಿ ಕೆಲವರಿಗೆ ಆ ಎರಡು ವರ್ಷಗಳ ನೆನಪು ನನಗಿಂತ ಚೆನ್ನಾಗಿ ಇದ್ದೀತು. 417 ರೂಪಾಯಿ ದೊಡ್ಡ ಮೊತ್ತವೇ ಎಂದು ಕೇಳುವವರು ಇದ್ದಾರೆ. ಅದು ಮನೆಯ ಅಕ್ಕಿಯ ಚೀಲದಿಂದ ತೆಗೆದಿಟ್ಟ ಪಾಲು ಎಂದು ಪದವೇ ಉತ್ತರ ಹೇಳುತ್ತದೆ.

ಊಟದ ಪಾಲಿನ ಬಗ್ಗೆ ನಮ್ಮ ಕಾನೂನೂ ಮಾತಾಡಿದೆ. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯ 46ನೆಯ ಕಲಮಿನಲ್ಲಿ ಹೇಳಲಾಗಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿ, ಗುತ್ತಿಗೆ ಕಾರ್ಮಿಕರನ್ನೂ ಎಣಿಕೆಗೆ ಸೇರಿಸಿತು. ಆದರೆ ಪೀಣ್ಯದ ಶೆಡ್ಡುಗಳನ್ನು ನೀವು ಬಲ್ಲಿರಿ. ಲೇತ್ ನಾಲ್ಕು, ಪ್ರೆಸ್ ಎರಡು, ಜನ ಹತ್ತೋ ಹದಿನೈದೋ. ಇಂತಹ ಕಡೆ ದುಡಿಯುವವರಿಗೆ ಕ್ಯಾಂಟೀನಿನ ಕಲಮು ಅನ್ವಯಿಸುವುದಿಲ್ಲ. ಅವರ ಪಾಲಿಗೆ ಇರುವುದು ಮನೆಯ ಡಬ್ಬಿ, ತಳ್ಳುಗಾಡಿ, ದರ್ಶಿನಿ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನುಗಳು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ದರು. ಬೆಳಗ್ಗೆ ಅಲ್ಲಿ ಸಾಲು ನಿಂತವರಲ್ಲಿ ಇಂತಹ ಶೆಡ್ಡುಗಳವರು ಎಷ್ಟು ಜನ ಇದ್ದರೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಕೊನೆಯದಾಗಿ ಇನ್ನೊಂದು ಪದ. ನೀವೆಲ್ಲ ಫ್ಯಾಕ್ಟರಿಗೆ 'ಕಂಪ್ನಿ' ಎನ್ನುತ್ತೀರಿ. ಕಂಪನಿ ಎಂಬುದು ಲ್ಯಾಟಿನ್ ಮೂಲದ ಪದ. ಕಾಂ ಎಂದರೆ ಜತೆಗೆ, ಪಾನಿಸ್ ಎಂದರೆ ರೊಟ್ಟಿ. ಜತೆಗೆ ಕುಳಿತು ರೊಟ್ಟಿ ಹಂಚಿಕೊಂಡು ತಿನ್ನುವವರ ಕೂಟವೇ ಮೂಲದಲ್ಲಿ ಕಂಪನಿ. ಅವರ ಕಂಪನಿಯಲ್ಲಿ ರೊಟ್ಟಿ ಇದೆ, ನಮ್ಮ ಬಾತಿನಲ್ಲಿ ಅಕ್ಕಿ ಇದೆ, ಎರಡರ ಒಳಗೂ ಹಂಚುವುದು ಇದೆ. ದೂರದ ಎರಡು ನಾಡುಗಳ ಜನ ಊಟವನ್ನು ಕಂಡದ್ದು ಒಂದೇ ಬಗೆಯಲ್ಲಿ.

ನವೆಂಬರ್ ತಿಂಗಳಲ್ಲಿ ಈ ಭಾಗದಲ್ಲಿ ಒಂದು ಮಾತು ಜೋರಾಗಿ ಕೇಳುತ್ತದೆ. ಹೊರಗಿನವರು ಬಂದರು, ನಮ್ಮ ಭಾಷೆ ಹೋಯಿತು ಎಂಬ ಮಾತು. ಆ ಆತಂಕಕ್ಕೆ ಕಾರಣಗಳಿಲ್ಲ ಎಂದು ನಾನು ಹೇಳುವುದಿಲ್ಲ. ಇಲ್ಲಿ ದುಡಿಯಲು ಬಂದವರು ಕನ್ನಡ ಕಲಿಯಬೇಕು. ಕಲಿಸುವ ಕೆಲಸವನ್ನು ನಿಮ್ಮಂತಹ ಸಂಘಗಳು ಮಾಡಬೇಕು. ಆದರೆ ಆ ದಿನ ನಾವು ನಕ್ಕದ್ದು ಯಾವ ಪದಕ್ಕೆ ಎಂಬುದನ್ನು ನೆನೆಯಿರಿ. ಹುಡುಗ ತಂದ ಭಾತವೂ ನಾವು ಕೊಟ್ಟ ಬಾತೂ ಅಣ್ಣತಮ್ಮಂದಿರು. ನಮ್ಮ ಬಾತ್ ಕೂಡ ಒಂದು ಕಾಲದಲ್ಲಿ ಈ ಊರಿಗೆ ಹೊರಗಿನಿಂದ ಬಂದದ್ದೇ. ಕನ್ನಡ ಅದರ ಮಹಾಪ್ರಾಣ ತೆಗೆದು, ರವೆ ತುಂಬಿ, ಒಗ್ಗರಣೆ ಹಾಕಿ ತನ್ನದಾಗಿ ಮಾಡಿಕೊಂಡಿತು. ಅಷ್ಟು ಗಟ್ಟಿ ಹೊಟ್ಟೆ ನಮ್ಮ ಭಾಷೆಗೆ ಇದೆ.

ಆ ದರ್ಶಿನಿಗೆ ಎರಡು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಬಡಿಸುವ ಕುಂದಾಪುರದ ಹುಡುಗನಿಗೆ ಭಾತ ಎಂದರೆ ಏನೆಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಾದ್ರೆ ಅವನಿಗೆ ಅವತ್ತು ಅನ್ನ ಬೇಕಿತ್ತು' ಎಂದ. 'ಈಗ ದಿನಾ ಬರ್ತಾನೆ ಅಕ್ಕಾ. ಖಾರಾಬಾತ್, ಚಟ್ನಿ ಜಾಸ್ತಿ ಅಂತ ಕನ್ನಡದಲ್ಲೇ ಕೇಳ್ತಾನೆ' ಎಂದೂ ಹೇಳಿದ.

ಸಭೆ ಮುಗಿದ ಮೇಲೆ ಬಿಸಿಬೇಳೆಬಾತ್ ಇದೆ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಎರಡನೆಯ ಪಾಳಿಯವರು ಬರುವುದು ತಡವಾಗುತ್ತದಂತೆ. ಅವರ ಪಾಲನ್ನು ತೆಗೆದಿಡಿ. ಗೇಟಿನಲ್ಲಿರುವ ನೇಪಾಳಿ ಕಾವಲುಗಾರನಿಗೂ ಒಂದು ತಟ್ಟೆ ಕಳಿಸಿ. ಅದರಲ್ಲಿ ನಿಜವಾಗಿಯೂ ಅಕ್ಕಿ ಇದೆ, ಅವನು ಹೆಸರು ಕೇಳಿ ಮೋಸಹೋಗುವುದಿಲ್ಲ.